ವಾರ್ಡಿನಿಂದ ಊರಿಗೆ

ಬೆಳಿಗ್ಗೆ ರೌಂಡ್ಸ್‌ಗೆ ಬಂದ ಡಾಕ್ಟರು ಕೇಸ್ ಶೀಟ್ ತಿರುವಿ, ಹೊಲಿಗೆ ಹಾಕಿದ ಗಾಯ ನೋಡಿ, "ಇವತ್ತು ಮನೆಗೆ ಹೋಗಬಹುದು" ಎಂದು ಹೇಳಿ ಮುಂದಿನ ಹಾಸಿಗೆಗೆ ಹೋಗುತ್ತಾರೆ. ಆಗ ಗಂಟೆ ಹತ್ತೂವರೆ. ಆ ಹಾಸಿಗೆ ನಿಜವಾಗಿ ಖಾಲಿಯಾಗುವುದು ಸಂಜೆ ಆರೂವರೆಗೆ. ನಡುವಿನ ಅಷ್ಟು ಹೊತ್ತು ರೋಗಿಗೆ ಒಂದು ಇಂಜೆಕ್ಷನ್ನೂ ಇರುವುದಿಲ್ಲ. ಡ್ಯೂಟಿ ಡಾಕ್ಟರು ಡಿಸ್ಚಾರ್ಜ್ ಸಮರಿ ಬರೆಯಲು ಕೂತರೆ ಎಮರ್ಜೆನ್ಸಿಯಿಂದ ಕರೆ ಬರುತ್ತದೆ. ನಿನ್ನೆ ಕಳಿಸಿದ ರಕ್ತದ ರಿಪೋರ್ಟು ಇನ್ನೂ ಲ್ಯಾಬಿನಲ್ಲಿದೆ. ಮಾತ್ರೆ ಕೊಡುವ ಕೌಂಟರಿನಲ್ಲಿ ಊಟದ ಹೊತ್ತು. ಜೊತೆಗಿದ್ದ ಮಗ ಕೂಲಿ ತಪ್ಪುತ್ತದೆಂದು ಹಿಂದಿನ ದಿನವೇ ಊರಿಗೆ ಹೋಗಿದ್ದಾನೆ. ಫೋನು ಮಾಡಿದರೆ ಹುಲ್ಲಹಳ್ಳಿ ಕಡೆಯಿಂದ ಅವನು ಬಸ್ಸು ಹಿಡಿದು ಬರಬೇಕು. ಅವನು ಬಂದ ಮೇಲೆ ವಾಪಸ್ ಹೋಗುವ ಬಸ್ಸಿನ ಚಿಂತೆ ಶುರುವಾಗುತ್ತದೆ.

ಇದೇ ಹೊತ್ತಿಗೆ ಕೆಳಗೆ ಎಮರ್ಜೆನ್ಸಿ ಬಾಗಿಲಲ್ಲಿ ಇನ್ನೊಬ್ಬರು ಸ್ಟ್ರೆಚರ್ ಮೇಲೆ ಮಲಗಿ "ಬೆಡ್ ಇಲ್ಲ, ಸ್ವಲ್ಪ ಕಾಯಿರಿ" ಎಂಬ ಮಾತು ಕೇಳಿಸಿಕೊಳ್ಳುತ್ತಿರುತ್ತಾರೆ. ಮೇಲೆ ಕಾಯುವವರಿಗೂ ಕೆಳಗೆ ಕಾಯುವವರಿಗೂ ಪರಸ್ಪರ ಪರಿಚಯವಿಲ್ಲ. ಒಬ್ಬರ ಬಿಡುಗಡೆಯಲ್ಲಿ ಇನ್ನೊಬ್ಬರ ಚಿಕಿತ್ಸೆ ಇದೆ ಎಂಬುದನ್ನು ನೋಡಿಕೊಳ್ಳಲೆಂದೇ ನೇಮಕವಾದ ಒಬ್ಬ ವ್ಯಕ್ತಿ ನಮ್ಮ ಬಹುಪಾಲು ಆಸ್ಪತ್ರೆಗಳಲ್ಲಿ ಇರುವುದಿಲ್ಲ.

ಹಾಸಿಗೆ ಸಾಲದು ಎಂದಾಗಲೆಲ್ಲ ನಾವು ಹೊಸ ಕಟ್ಟಡ ಕೇಳುತ್ತೇವೆ. ಕೇಳಲೇಬೇಕು. ಅದರ ಜೊತೆಗೆ ಒಂದು ಸಣ್ಣ ಲೆಕ್ಕವನ್ನೂ ಮಾಡಬೇಕು. ಅಮೆರಿಕದ ಜಾನ್ ಲಿಟಲ್ ಎಂಬ ವಿದ್ವಾಂಸರು 1961ರಲ್ಲಿ ಗಣಿತದಿಂದ ಸಾಧಿಸಿ ತೋರಿಸಿದ ಸೂತ್ರ ಇದು: ಒಂದು ಜಾಗದ ಒಳಗೆ ಸರಾಸರಿ ಎಷ್ಟು ಜನ ಇರುತ್ತಾರೆ ಎಂಬುದು, ದಿನಕ್ಕೆ ಎಷ್ಟು ಜನ ಬರುತ್ತಾರೆ ಮತ್ತು ಒಬ್ಬೊಬ್ಬರು ಎಷ್ಟು ದಿನ ಉಳಿಯುತ್ತಾರೆ ಎಂಬುದರ ಗುಣಲಬ್ಧ. 100 ಹಾಸಿಗೆಯ ಆಸ್ಪತ್ರೆಗೆ ದಿನಕ್ಕೆ 20 ಜನ ದಾಖಲಾಗಿ ತಲಾ 5 ದಿನ ಉಳಿದರೆ ನೂರೂ ಭರ್ತಿ. ಹತ್ತೂವರೆಯಿಂದ ಆರೂವರೆಯವರೆಗಿನ ಎಂಟು ಗಂಟೆ ಎಂದರೆ ದಿನದ ಮೂರನೇ ಒಂದು ಪಾಲು. 20 ಜನರ ಲೆಕ್ಕದಲ್ಲಿ ಅದು ಆರೇಳು ಹಾಸಿಗೆ. ವೈದ್ಯರು ಹೋಗಿ ಎಂದ ಮೇಲೂ ಹೋಗಲಾಗದವರಿಂದಲೇ ಪ್ರತಿದಿನ ತುಂಬಿರುವ ಆರೇಳು ಹಾಸಿಗೆ. ಒಂದು ಇಟ್ಟಿಗೆ ಇಡದೆ ಅವು ಸಿಗುತ್ತವೆ. ಹಾಸಿಗೆ ಎಷ್ಟು ತುಂಬಿದೆ, ರೋಗಿ ಸರಾಸರಿ ಎಷ್ಟು ದಿನ ಉಳಿಯುತ್ತಾರೆ, ಎಷ್ಟು ಜನ ವೈದ್ಯರ ಮಾತು ಮೀರಿ ಹೊರಟುಹೋದರು ಎಂಬ ಅಂಕಿಗಳನ್ನು ರಾಷ್ಟ್ರೀಯ ಗುಣಮಟ್ಟ ಖಾತರಿ ಮಾನದಂಡಗಳು ಸರ್ಕಾರಿ ಆಸ್ಪತ್ರೆಗಳಿಂದ ಈಗಾಗಲೇ ಕೇಳುತ್ತವೆ. ಅವನ್ನು ತಪಾಸಣೆಯ ದಿನಕ್ಕೆಂದು ಬರೆದಿಡುವ ಬದಲು ದಿನವೂ ಓದಿದರೆ ಈ ಲೆಕ್ಕ ಕಣ್ಣಿಗೆ ಬೀಳುತ್ತದೆ.

ಈ ಲೆಕ್ಕವನ್ನು ಮೈಸೂರು ಜಿಲ್ಲೆಯ ಎರಡು ತಾಲ್ಲೂಕು ಊರುಗಳಿಗೆ ಹಚ್ಚಿ ನೋಡೋಣ. ನಂಜನಗೂಡು, ತಿ.ನರಸೀಪುರ ಎರಡೂ ಒಂದೇ ಹೆದ್ದಾರಿಯ ಮೇಲಿವೆ. ಕೋಯಿಕ್ಕೋಡಿನಿಂದ ಗುಂಡ್ಲುಪೇಟೆ ದಾಟಿ ಬರುವ ರಾಷ್ಟ್ರೀಯ ಹೆದ್ದಾರಿ 766 ನಂಜನಗೂಡಿನ ಮೂಲಕ ಮೈಸೂರು ಸೇರಿ, ಅಲ್ಲಿಂದ ನರಸೀಪುರ ಹಾದು ಕೊಳ್ಳೇಗಾಲಕ್ಕೆ ಹೋಗುತ್ತದೆ. ಎರಡು ಊರಿಗೂ ನಡುವೆ ಮೈಸೂರು. ಎರಡೂ ಊರಿನ ಕಷ್ಟದ ರೋಗಿಗಳು ಹೋಗುವುದೂ ಅಲ್ಲಿಗೇ. ಜನ ದೊಡ್ಡಾಸ್ಪತ್ರೆ ಎಂದು ಕರೆಯುವ ಕೃಷ್ಣರಾಜೇಂದ್ರ ಆಸ್ಪತ್ರೆ, ಹೆರಿಗೆಗೆ ಮತ್ತು ಮಕ್ಕಳಿಗೆ ಚೆಲುವಾಂಬ. ಮೈಸೂರು ವೈದ್ಯಕೀಯ ಕಾಲೇಜು 1924ರಲ್ಲಿ ಬೆಂಗಳೂರಿನಲ್ಲಿ ಆರಂಭವಾಗಿ 1930ರಲ್ಲಿ ಮೈಸೂರಿಗೆ ಬಂದ ಮೇಲೆ ಈ ದಾರಿ ಗಟ್ಟಿಯಾಯಿತು. ಚಾಮರಾಜನಗರಕ್ಕೆ ಸ್ವಂತ ವೈದ್ಯಕೀಯ ಕಾಲೇಜು ಸಿಕ್ಕಿದ್ದು 2016ರಲ್ಲಿ. ಅಲ್ಲಿಯತನಕ ಆ ಜಿಲ್ಲೆಯ ಗಂಭೀರ ರೋಗಿಗಳ ದಾರಿಯೂ ಬಹುತೇಕ ಇದೇ ಆಗಿತ್ತು.

ಹೋಗುವ ದಾರಿಗೆ ವ್ಯವಸ್ಥೆ ಇದೆ. 2008ರ ನವೆಂಬರ್ 1ರಿಂದ 108 ಆಂಬುಲೆನ್ಸ್ ಇದೆ. ರೆಫರ್ ಮಾಡಲು ಚೀಟಿ ಇದೆ. ಬರುವ ದಾರಿಗೆ ಏನಿದೆ? ಕೂಡದ ಮೂಳೆಯ ಕಾಲಿಗೆ ಬ್ಯಾಂಡೇಜು ಸುತ್ತಿಕೊಂಡವರು, ಪಾರ್ಶ್ವವಾಯು ಹೊಡೆದು ಅರ್ಧ ಮೈ ಸ್ವಾಧೀನ ತಪ್ಪಿದವರು ಆಟೋ ಮಾತಾಡಿಕೊಂಡು, ಬಸ್ಸಿನ ಮೆಟ್ಟಿಲಲ್ಲಿ ಇಬ್ಬರ ಹೆಗಲ ಮೇಲೆ ಭಾರ ಹಾಕಿಕೊಂಡು ಕವಲಂದೆಗೋ ಮೂಗೂರಿಗೋ ವಾಪಸಾಗುತ್ತಾರೆ. ಮೈಸೂರಿನಲ್ಲಿ ಏನು ನಡೆಯಿತು ಎಂಬುದು ಅವರ ಊರಿನ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಗೊತ್ತಾಗುವುದು, ಗಾಯ ಕೀವು ಕಟ್ಟಿಕೊಂಡು ಅವರೇ ಅಲ್ಲಿಗೆ ಹೋದಾಗ.

ಆದರೆ ಒಬ್ಬ ರೋಗಿಯ ವಿಷಯದಲ್ಲಿ ನಮ್ಮ ವ್ಯವಸ್ಥೆ ಮನೆಯ ದಾರಿಯನ್ನೂ ಮೊದಲೇ ಯೋಚಿಸಿದೆ. ಅವಳು ಬಾಣಂತಿ. ಈ ಬರಹದ ಮುಖ್ಯ ಮಾತೇ ಇದು: ಬಾಣಂತಿಗೆ ಏನು ಮಾಡಿದ್ದೇವೋ ಅದನ್ನು ಉಳಿದವರಿಗೂ ಮಾಡಬಹುದು. ಹೊಸದಾಗಿ ಕಂಡುಹಿಡಿಯಬೇಕಾದ್ದು ಕಡಿಮೆ.

2011ರ ಜೂನ್ 1ರಂದು ಶುರುವಾದ ಜನನಿ ಶಿಶು ಸುರಕ್ಷಾ ಕಾರ್ಯಕ್ರಮ ಏನೇನು ಬರೆದಿಟ್ಟಿದೆ ನೋಡಿ. ಸಹಜ ಹೆರಿಗೆಯಾದವರಿಗೆ 3 ದಿನ, ಸಿಸೇರಿಯನ್ ಆದವರಿಗೆ 7 ದಿನ ಆಸ್ಪತ್ರೆಯಲ್ಲೇ ಉಚಿತ ಊಟ. ಹೆರಿಗೆಯ ನಂತರ 48 ಗಂಟೆ ಆಸ್ಪತ್ರೆಯಲ್ಲಿ ಉಳಿದು ಹೊರಡುವವರನ್ನು ಮನೆಗೆ ಬಿಟ್ಟುಬರಲು ಉಚಿತ ವಾಹನ. ಕರ್ನಾಟಕದಲ್ಲಿ ಅದಕ್ಕೆ ನಗು-ಮಗು ಎಂದು ಹೆಸರು. ಮನೆಗೆ ಹೋದ ಮೇಲೆ, ಇನ್ನೊಂದು ಕಾರ್ಯಕ್ರಮದಂತೆ, ಆಶಾ ಕಾರ್ಯಕರ್ತೆಯ ಭೇಟಿ: ಹುಟ್ಟಿದ 3ನೇ ದಿನ, 7, 14, 21, 28 ಮತ್ತು 42ನೇ ದಿನ. ಆಕೆ ಮಗುವಿನ ತೂಕ ನೋಡುತ್ತಾಳೆ, ಮೈ ಬಿಸಿಯೋ ತಣ್ಣಗೋ ನೋಡುತ್ತಾಳೆ, ಎದೆಹಾಲು ಕುಡಿಯುತ್ತಿದೆಯೇ ಕೇಳುತ್ತಾಳೆ, ತಾಯಿಗೆ ಜ್ವರ, ರಕ್ತಸ್ರಾವ ಇದೆಯೇ ವಿಚಾರಿಸುತ್ತಾಳೆ. 48 ಗಂಟೆ ಎಂಬ ಗಡುವಿಗೂ ಕಾರಣವಿದೆ. ಹೆರಿಗೆಯ ನಂತರದ ಅತಿ ದೊಡ್ಡ ಅಪಾಯಗಳು, ಅದರಲ್ಲೂ ರಕ್ತಸ್ರಾವ, ಮೊದಲ ಎರಡು ದಿನಗಳಲ್ಲೇ ಹೆಚ್ಚು. ಅಷ್ಟು ಹೊತ್ತು ಕಣ್ಣಳತೆಯಲ್ಲಿ ಇಟ್ಟುಕೊಂಡು ಆಮೇಲೆ ಕಳಿಸಬೇಕು. ಉಳಿಯಬೇಕಾದ ಅವಧಿ, ಹೊರಡುವ ಹೊತ್ತು, ವಾಹನ, ಊರಲ್ಲಿ ನೋಡಿಕೊಳ್ಳುವವರು, ಅವರು ಬರುವ ದಿನಾಂಕ: ಇಷ್ಟೂ ಒಂದೇ ಎಳೆಯಲ್ಲಿ ಬಂದಿವೆ.

ಈ ಎಳೆ ಎಲ್ಲಿ ಕಡಿಯುತ್ತದೆ ಎಂಬುದರಲ್ಲೂ ಪಾಠವಿದೆ. ನಮ್ಮ ಕಡೆ ಚೊಚ್ಚಲ ಹೆರಿಗೆ ತವರಿನದು. ತಾಯಿ ಕಾರ್ಡು ಮಾಡಿಸಿದ್ದು ಗಂಡನ ಮನೆ ಇರುವ ತಗಡೂರಿನಲ್ಲಿ, ಬಾಣಂತನ ಬನ್ನೂರಿನ ತವರಿನಲ್ಲಿ. ಕಾರ್ಡಿನ ವಿಳಾಸ ನೋಡಿಕೊಂಡು ತಗಡೂರಿನ ಆಶಾಗೆ ಸುದ್ದಿ ಹೋದರೆ ಮೂರನೇ ದಿನದ ಭೇಟಿಗೆ ಬಾಣಂತಿಯೇ ಅಲ್ಲಿಲ್ಲ. ಬನ್ನೂರಿನ ಆಶಾಗೆ ತನ್ನ ಬೀದಿಗೆ ಕೂಸು ಬಂದದ್ದು ಗೊತ್ತಿಲ್ಲ. ದಾಖಲು ಮಾಡುವಾಗಲೇ "ಇಲ್ಲಿಂದ ಯಾವ ಊರಿಗೆ ಹೋಗ್ತೀರವ್ವ? ತವರಿಗೋ, ಗಂಡನ ಮನೆಗೋ?" ಎಂದು ಒಂದು ಮಾತು ಕೇಳಿದರೆ ಸಾಕು. ದಿನದ ಮಾತೂ ಹಾಗೆಯೇ. ಮಂಗಳವಾರ, ಅಮಾವಾಸ್ಯೆ, ರಾಹುಕಾಲದಲ್ಲಿ ಕೂಸನ್ನು ಮನೆ ತುಂಬಿಸಿಕೊಳ್ಳಲು ಹಿಂಜರಿಯುವ ಅಜ್ಜಿಯರು ಎರಡೂ ತಾಲ್ಲೂಕಿನಲ್ಲಿ ಇದ್ದಾರೆ. ಅವರನ್ನು ಗದರಿಸಿ ಫಲವಿಲ್ಲ. ಬಿಡುಗಡೆಯ ದಿನ ಎರಡು ದಿನ ಮುಂಚೆಯೇ ಗೊತ್ತಿದ್ದರೆ ಹೊರಡುವ ಹೊತ್ತನ್ನು ಅವರೇ ಹೊಂದಿಸಿಕೊಳ್ಳುತ್ತಾರೆ. ಬೆಳಿಗ್ಗೆ ಹೇಳಿ ಮಧ್ಯಾಹ್ನ ಹೊರಡಿಸಿದರೆ ಕೈಯಲ್ಲಿ ಚೀಟಿ ಹಿಡಿದೂ ವಾರ್ಡಿನಲ್ಲೇ ಕೂರುತ್ತಾರೆ.

ಈಗ ಇದೇ ಕಣ್ಣಿನಿಂದ ಸೊಂಟದ ಮೂಳೆ ಮುರಿದ ಎಪ್ಪತ್ತರ ಅಜ್ಜಿಯನ್ನು ನೋಡಿ. ಬಚ್ಚಲಲ್ಲಿ ಜಾರಿ ಬಿದ್ದವರು, ಮೈಸೂರಿನಲ್ಲಿ ಆಪರೇಷನ್ ಆಗಿದೆ. ಹೊಲಿಗೆ ಮಾಗುವ ಹೊತ್ತಿಗೆ ವೈದ್ಯರ ಕೆಲಸ ಮುಗಿಯುತ್ತದೆ. ಆದರೆ ಮನೆಯಲ್ಲಿ ಮಂಚ ಇಲ್ಲ, ಚಾಪೆ ಇದೆ. ಚಾಪೆಯಿಂದ ಏಳಲು ಆ ಸೊಂಟಕ್ಕೆ ಆಗುವುದಿಲ್ಲ. ಶೌಚಾಲಯ ಕುಕ್ಕರಗಾಲಲ್ಲಿ ಕೂರುವಂಥದು, ಅದೂ ಹಿತ್ತಿಲಿನಲ್ಲಿ. ಸೊಸೆ ಗದ್ದೆ ಕೆಲಸಕ್ಕೆ ಹೋಗುತ್ತಾಳೆ. ಹಗಲು ಅಜ್ಜಿಯನ್ನು ಎತ್ತಿ ಕೂರಿಸುವವರು ಯಾರು? ಈ ಪ್ರಶ್ನೆಗಳನ್ನು ಕೊನೆಯ ದಿನ ಕೇಳಿದರೆ ಉತ್ತರವಿಲ್ಲದೆ ಅಜ್ಜಿ ಇನ್ನೂ ನಾಲ್ಕು ದಿನ ಉಳಿಯುತ್ತಾರೆ, ಇಲ್ಲವೇ ಉತ್ತರವಿಲ್ಲದೆಯೇ ಮನೆಗೆ ಹೋಗಿ ಬೆನ್ನಿಗೆ ಹುಣ್ಣು ಮಾಡಿಕೊಂಡು ವಾಪಸ್ ಬರುತ್ತಾರೆ. ಮೊದಲ ದಿನ ಕೇಳಿದರೆ ಒಂದು ವಾರ ಕೈಯಲ್ಲಿರುತ್ತದೆ. ಅಷ್ಟರಲ್ಲಿ ನೆಂಟರಿಂದ ಮಂಚ ಬರುತ್ತದೆ, ಪ್ಲಾಸ್ಟಿಕ್ ಕುರ್ಚಿಗೆ ತೂತು ಕೊರೆಸಿ ಕಮೋಡ್ ಮಾಡಿಕೊಳ್ಳುತ್ತಾರೆ, ಬೆಂಗಳೂರಿನ ಮಗಳು ಹದಿನೈದು ದಿನ ರಜೆ ಹಾಕುತ್ತಾಳೆ. ಹಳ್ಳಿಯ ಕುಟುಂಬಗಳ ಹತ್ತಿರ ದುಡ್ಡು ಕಡಿಮೆ ಇರಬಹುದು, ಹೊಂದಿಸಿಕೊಳ್ಳುವ ಶಕ್ತಿ ಬಹಳ ಇದೆ. ಅದಕ್ಕೆ ಬೇಕಾದದ್ದು ಸಮಯ, ಅಂದರೆ ದಿನಾಂಕ.

ಹಾವು ಕಚ್ಚಿದವರ ಕಥೆ ಬೇರೆ. ಗದ್ದೆ, ಕಬ್ಬು ಇರುವ ಈ ನಾಡಿಗೆ ಅದು ಹೊಸದಲ್ಲ. ಕರ್ನಾಟಕ ಸರ್ಕಾರ ಹಾವು ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಪ್ರಕರಣವೆಂದು 2024ರಲ್ಲಿ ಘೋಷಿಸಿತು. ವಿಷ ಏರಿದ ಲಕ್ಷಣ ಕಾಣದಿದ್ದರೂ 24 ಗಂಟೆ ನಿಗಾದಲ್ಲಿ ಇಡಬೇಕೆಂಬುದು ಚಿಕಿತ್ಸಾ ನಿಯಮ. ನನಗೇನೂ ಆಗಿಲ್ಲ, ಹಸು ಕರೆಯುವವರಿಲ್ಲ ಎಂದು ಎದ್ದು ಹೊರಡುವವರನ್ನು ಇಲ್ಲಿ ಉಳಿಸಿಕೊಳ್ಳಬೇಕು. ಯಾಕೆ ಉಳಿಯಬೇಕು, ನಾಳೆ ಎಷ್ಟು ಗಂಟೆಗೆ ಹೋಗಬಹುದು ಎಂದು ಮೊದಲೇ ಹೇಳಿದರೆ ಉಳಿಯುತ್ತಾರೆ. ಕೊಳಕುಮಂಡಲ ಕಚ್ಚಿ ಬದುಕಿದವರಿಗೆ ಮೂತ್ರಪಿಂಡದ ತೊಂದರೆ ಆಮೇಲೆ ಕಾಣಿಸಿಕೊಳ್ಳಬಹುದು. ಮೂತ್ರ ಕಡಿಮೆಯಾದರೆ, ಮುಖ ಊದಿದರೆ ತಕ್ಷಣ ಬನ್ನಿ ಎಂಬುದನ್ನು ಮನೆಯವರಿಗೆ ಬಾಯಿಪಾಠ ಮಾಡಿಸಿಯೇ ಕಳಿಸಬೇಕು.

ನಂಜನಗೂಡಿನ ಜನ ಬಿಡುಗಡೆಯ ನಿಯಮವನ್ನು ಬಹಳ ಹತ್ತಿರದಿಂದ ಕಂಡವರು. 2020ರ ಮಾರ್ಚ್ ಕೊನೆಯಲ್ಲಿ ಇಲ್ಲಿನ ಔಷಧ ಕಾರ್ಖಾನೆಯೊಂದರ ನೌಕರರಲ್ಲಿ ಕೊರೊನಾ ಕಾಣಿಸಿಕೊಂಡು ಊರಿಗೆ ಊರೇ ಬಾಗಿಲು ಹಾಕಿತ್ತು. ಆಗಿನ ನಿಯಮದಂತೆ 24 ಗಂಟೆಯ ಅಂತರದಲ್ಲಿ ಎರಡು ಪರೀಕ್ಷೆ ನೆಗೆಟಿವ್ ಬಂದರಷ್ಟೇ ಮನೆ. ಆರೋಗ್ಯವಾಗಿ ಓಡಾಡಿಕೊಂಡಿರುವವರೂ ರಿಪೋರ್ಟಿಗಾಗಿ ಹಾಸಿಗೆ ಹಿಡಿದು ಕೂತಿರಬೇಕಿತ್ತು. 2020ರ ಮೇ 8ರಂದು ಕೇಂದ್ರ ಆರೋಗ್ಯ ಸಚಿವಾಲಯ ನಿಯಮ ಬದಲಿಸಿತು: ಸೌಮ್ಯ ಲಕ್ಷಣದವರು ಲಕ್ಷಣ ಕಂಡ 10 ದಿನಗಳ ನಂತರ, ಕೊನೆಯ 3 ದಿನ ಜ್ವರವಿಲ್ಲದಿದ್ದರೆ, ಮತ್ತೊಂದು ಪರೀಕ್ಷೆಯಿಲ್ಲದೆ ಮನೆಗೆ ಹೋಗಬಹುದು; ಮುಂದಿನ 7 ದಿನ ಮನೆಯಲ್ಲೇ ಪ್ರತ್ಯೇಕವಾಗಿರಬೇಕು. ವಾರ್ಡಿನಲ್ಲಿರುವ ರೋಗಿಯೂ, ಊರಿನಲ್ಲಿ ಕಾಯುವ ಮನೆಯವರೂ ಕ್ಯಾಲೆಂಡರ್ ನೋಡಿ ಹೇಳಬಹುದಾದ ದಿನ ಅದು. ಯಾವ ಲಕ್ಷಣ ಇರಬಾರದು, ಎಷ್ಟು ದಿನ ಕಳೆದಿರಬೇಕು, ಮನೆಯಲ್ಲಿ ಏನು ಮಾಡಬೇಕು ಎಂಬ ಇಂಥ ಸ್ಪಷ್ಟ ಬರಹ ನ್ಯುಮೋನಿಯಾಕ್ಕೆ, ಹರ್ನಿಯಾ ಆಪರೇಷನ್ನಿಗೆ, ಸಕ್ಕರೆ ಕಾಯಿಲೆಯ ಕಾಲಿನ ಹುಣ್ಣಿಗೆ ಯಾಕೆ ವಾರ್ಡಿನ ಗೋಡೆಯ ಮೇಲೆ ಇರಬಾರದು?

ಮನೆಗೆ ಕಳಿಸುವುದು ಚಿಕಿತ್ಸೆಯನ್ನು ಅರ್ಧಕ್ಕೆ ಬಿಟ್ಟಂತೆ ಎಂಬ ಭಯ ಹಳೆಯದು. ಕ್ಷಯಕ್ಕೆ ತಿಂಗಳುಗಟ್ಟಲೆ ಆಸ್ಪತ್ರೆವಾಸವೇ ಮದ್ದಾಗಿದ್ದ ಕಾಲವೊಂದಿತ್ತು, ಮೈಸೂರಿನ ಕೆ.ಆರ್.ಎಸ್. ರಸ್ತೆಯಲ್ಲಿರುವ, ರಾಜಕುಮಾರಿ ಕೃಷ್ಣಾಜಮ್ಮಣ್ಣಿಯವರ ಹೆಸರಿನ ಕ್ಷಯರೋಗ ಆಸ್ಪತ್ರೆ ಆ ಕಾಲದ್ದು. 1956ರಿಂದ ಮದ್ರಾಸಿನಲ್ಲಿ ವ್ಯಾಲೇಸ್ ಫಾಕ್ಸ್ ಮತ್ತು ಸಂಗಡಿಗರು ಕ್ಷಯರೋಗಿಗಳನ್ನು ಎರಡು ಗುಂಪು ಮಾಡಿ, ಒಂದಕ್ಕೆ ಸ್ಯಾನಟೋರಿಯಂನಲ್ಲಿ, ಇನ್ನೊಂದಕ್ಕೆ ಅವರವರ ಇಕ್ಕಟ್ಟಿನ ಮನೆಗಳಲ್ಲೇ ಅದೇ ಮಾತ್ರೆ ಕೊಟ್ಟು ನೋಡಿದರು. 1959ರಲ್ಲಿ ಫಲಿತಾಂಶ ಬಂತು. ಮನೆಯಲ್ಲಿದ್ದವರು ಸ್ಯಾನಟೋರಿಯಂನವರಷ್ಟೇ ಚೆನ್ನಾಗಿ ಗುಣವಾಗಿದ್ದರು. ಜಗತ್ತಿನ ಕ್ಷಯ ಚಿಕಿತ್ಸೆಯ ದಿಕ್ಕನ್ನೇ ಬದಲಿಸಿದ ಅಧ್ಯಯನ ಅದು. ಆದರೆ ಅಲ್ಲಿ ಮನೆ ಎಂದರೆ ಕೈಬಿಡುವುದು ಎಂದಾಗಿರಲಿಲ್ಲ. ಆರೋಗ್ಯ ಕಾರ್ಯಕರ್ತರು ಮನೆ ಬಾಗಿಲಿಗೆ ಹೋಗಿ ವಿಚಾರಿಸುತ್ತಿದ್ದರು.

ಈ ಎಚ್ಚರ ಬಿಟ್ಟರೆ ಏನಾಗುತ್ತದೆ ಎಂಬುದಕ್ಕೂ ಉದಾಹರಣೆಯಿದೆ. ಅಮೆರಿಕದಲ್ಲಿ 1983ರಲ್ಲಿ ಹಿರಿಯರ ಸರ್ಕಾರಿ ವಿಮೆ ಉಳಿದ ದಿನಗಳ ಲೆಕ್ಕ ಬಿಟ್ಟು ಕಾಯಿಲೆಗೆ ಇಷ್ಟು ಎಂದು ಹಣ ಕೊಡತೊಡಗಿತು. ಆಸ್ಪತ್ರೆವಾಸ ಕಡಿಮೆಯಾಯಿತು, ಜೊತೆಗೆ, ಪೂರ್ತಿ ಚೇತರಿಸದವರನ್ನೇ ಹೊರಗೆ ಕಳಿಸುತ್ತಿದ್ದಾರೆಂಬ ಕೂಗೂ ಎದ್ದಿತು. 2012ರಿಂದ, ಬಿಡುಗಡೆಯಾದವರು ಮೂವತ್ತು ದಿನದೊಳಗೆ ಹೆಚ್ಚಾಗಿ ಮರಳಿ ಬರುವ ಆಸ್ಪತ್ರೆಗಳಿಗೆ ಹಣ ಕಡಿತ ಮಾಡುವ ನಿಯಮ ತರಬೇಕಾಯಿತು. ಹಾಸಿಗೆ ಬೇಗ ಖಾಲಿ ಮಾಡಿಸುವುದನ್ನೇ ಗುರಿ ಮಾಡಿಕೊಂಡರೆ ಅದರ ಹೊರೆ ಬೀಳುವುದು ಬಡವರ ಮೇಲೆ. ನಮ್ಮ ಆಯುಷ್ಮಾನ್ ಭಾರತ್ – ಆರೋಗ್ಯ ಕರ್ನಾಟಕವೂ ಪ್ಯಾಕೇಜಿನ ಲೆಕ್ಕದಲ್ಲೇ ಹಣ ಕೊಡುತ್ತದೆ. ಕೇಂದ್ರದ ಆಯುಷ್ಮಾನ್ ಯೋಜನೆಯ ಪ್ಯಾಕೇಜಿನಲ್ಲಿ ಬಿಡುಗಡೆಯ ನಂತರದ 15 ದಿನಗಳ ಔಷಧ, ತಪಾಸಣೆಯೂ ಸೇರಿದೆ. ಇದನ್ನು ಡಿಸ್ಚಾರ್ಜ್ ಚೀಟಿಯ ಮೇಲೆ ಕನ್ನಡದಲ್ಲಿ ದೊಡ್ಡಕ್ಷರದಲ್ಲಿ ಅಚ್ಚು ಹಾಕಬೇಕು. ಗೊತ್ತಿಲ್ಲದವರು ಹೊರಗೆ ಮೆಡಿಕಲ್ ಸ್ಟೋರಿನಲ್ಲಿ ದುಡ್ಡು ಕೊಡುತ್ತಾರೆ, ಅಥವಾ ಮಾತ್ರೆಯನ್ನೇ ನಿಲ್ಲಿಸುತ್ತಾರೆ.

ಚೀಟಿಯ ಮಾತು ಬಂತು. 1-0-1 ಎಂಬ ಬರಹ ಓದು ಬಾರದವರಿಗೂ ಈಗ ಅರ್ಥವಾಗುತ್ತದೆ. ಉಳಿದದ್ದೆಲ್ಲ ಇಂಗ್ಲಿಷಿನಲ್ಲಿ, ಅವಸರದ ಕೈಬರಹದಲ್ಲಿ. ಹೇಳಿ ಕಳಿಸಿದರಷ್ಟೇ ಸಾಲದು, ಹೇಳಿಸಿ ಕಳಿಸಬೇಕು. "ಅಜ್ಜಿ, ಈ ಮಾತ್ರೆ ಯಾವಾಗ ತಕೋಬೇಕು, ನೀವೇ ಹೇಳಿ ನೋಡಣ" ಎಂದು ಸಿಸ್ಟರ್ ಕೇಳಿ, "ಬೆಳಿಗ್ಗೆ ಒಂದು, ರಾತ್ರಿಕೆ ಒಂದು ಕಣವ್ವ" ಎಂದು ಅಜ್ಜಿ ಹೇಳಿದರೆ ಆ ಎರಡು ನಿಮಿಷ ಒಂದು ಮರುದಾಖಲಾತಿಯನ್ನು ತಪ್ಪಿಸಬಹುದು. ಬೆಂಗಳೂರಿನ ನಾರಾಯಣ ಹೃದಯಾಲಯದಲ್ಲಿ ಮೊದಲ ಹೆಜ್ಜೆ ಇಟ್ಟ ನೂರಾ ಹೆಲ್ತ್ ಸಂಸ್ಥೆ ಇದನ್ನೇ ಕೆಲಸ ಮಾಡಿಕೊಂಡಿದೆ: ವಾರ್ಡಿನಲ್ಲಿ ಕಾಯುತ್ತ ಕೂತ ಮನೆಯವರನ್ನು ಒಟ್ಟು ಸೇರಿಸಿ, ನರ್ಸ್‌ಗಳಿಂದಲೇ ಗಾಯ ನೋಡಿಕೊಳ್ಳುವುದು, ಕೈ ತೊಳೆಯುವುದು, ಅಪಾಯದ ಲಕ್ಷಣ ಗುರುತಿಸುವುದನ್ನು ಕಲಿಸಿಕೊಡುವುದು. ಕರ್ನಾಟಕದ ಸರ್ಕಾರಿ ಆಸ್ಪತ್ರೆಗಳಿಗೂ ಆ ಕೆಲಸ ಬಂದಿದೆ. ನಮ್ಮ ವಾರ್ಡುಗಳಲ್ಲಿ ರೋಗಿಯ ಕಡೆಯವರನ್ನು ಗದ್ದಲ ಎಂದು ಹೊರಗಟ್ಟುವುದೇ ಹೆಚ್ಚು. ನಾಳೆಯಿಂದ ರೋಗಿಯ ನರ್ಸ್ ಅವರೇ.

ಹಾಗಾದರೆ ಈ ಎರಡು ಊರುಗಳಲ್ಲಿ ಏನಾಗಬೇಕು? ನನ್ನ ಮಟ್ಟಿಗೆ ಎಲ್ಲಕ್ಕಿಂತ ಮೊದಲಿನದು ವಾಪಸ್ ರೆಫರಲ್. ಮೈಸೂರಿನಲ್ಲಿ ಆಪರೇಷನ್ ಮುಗಿದು, ಇನ್ನು ನಾಲ್ಕೈದು ದಿನ ಆಂಟಿಬಯಾಟಿಕ್ ಇಂಜೆಕ್ಷನ್ ಮತ್ತು ಡ್ರೆಸ್ಸಿಂಗ್ ಮಾತ್ರ ಉಳಿದವರನ್ನು ನಂಜನಗೂಡಿನ, ನರಸೀಪುರದ ಸಾರ್ವಜನಿಕ ಆಸ್ಪತ್ರೆಗೆ ವರ್ಗಾಯಿಸಬಹುದು. ಮನೆಯವರು ಬೆಳಿಗ್ಗೆ ಮುದ್ದೆ, ಸಾರು ತಂದುಕೊಟ್ಟು ಕೆಲಸಕ್ಕೆ ಹೋಗುತ್ತಾರೆ. ಮೈಸೂರಿನ ಹಾಸಿಗೆ, ಅಲ್ಲಿಯೇ ಆಗಬೇಕಾದ ಚಿಕಿತ್ಸೆಗೆ ಕಾಯುತ್ತಿರುವ ಮತ್ತೊಬ್ಬರಿಗೆ ಸಿಗುತ್ತದೆ. ತಾಲ್ಲೂಕು ವೈದ್ಯರ ಅಳುಕೂ ನ್ಯಾಯವಾದದ್ದೇ: ಬೇರೆಯವರು ಮಾಡಿದ ಆಪರೇಷನ್ನಿನ ಗಾಯ ಕೆಟ್ಟರೆ ಆರೋಪ ತಮ್ಮ ತಲೆಗೆ. ಅದಕ್ಕೇ ಪತ್ರದ ಜೊತೆಗೆ ಆಪರೇಷನ್ ಮಾಡಿದ ಘಟಕದ ಫೋನ್ ನಂಬರೂ, ಯಾವ ಲಕ್ಷಣ ಕಂಡರೆ ಪ್ರಶ್ನೆಯಿಲ್ಲದೆ ವಾಪಸ್ ತೆಗೆದುಕೊಳ್ಳುತ್ತೇವೆಂಬ ಮಾತೂ ಬರವಣಿಗೆಯಲ್ಲಿ ಬರಬೇಕು. ಕರೆತರಲು 108 ಬೇಡ. ಅದು ತುರ್ತಿಗೆ ಮೀಸಲಾಗಿರಲಿ. ನಗು-ಮಗು ಮಾದರಿಯ ಇನ್ನೊಂದು ವಾಹನ, ದಿನಕ್ಕೊಂದು ಟ್ರಿಪ್, ನಿಗದಿತ ಹೊತ್ತಿಗೆ.

ವಾರ್ಡಿನೊಳಗಿನ ಬದಲಾವಣೆಗೆ ಇಂಗ್ಲೆಂಡಿನ ಸರ್ಕಾರಿ ಆಸ್ಪತ್ರೆಗಳ ಒಂದು ಪದ್ಧತಿ ತೆಗೆದುಕೊಳ್ಳಬಹುದು. ರೋಗಿ ದಾಖಲಾದ ಕೂಡಲೇ ಅಂದಾಜು ಬಿಡುಗಡೆಯ ದಿನವನ್ನು ಬರೆಯುತ್ತಾರೆ, ಪ್ರತಿದಿನ ಅದನ್ನು ನೋಡಿ ಬೇಕಾದರೆ ತಿದ್ದುತ್ತಾರೆ. ನಮ್ಮಲ್ಲಿ ಕೇಸ್ ಶೀಟಿನ ಮುಖಪುಟದಲ್ಲಿ ಆ ದಿನಾಂಕಕ್ಕೆ ಒಂದು ಚೌಕ, ಅದರ ಕೆಳಗೆ ಹೋಗುವ ಊರು, ಕರೆದೊಯ್ಯುವವರ ಫೋನು, ಆ ಊರಿನ ಆಶಾ ಹೆಸರು. ಹಿಂದಿನ ಸಂಜೆಯೇ ಸಮರಿ ಬರೆದು, ಮಾತ್ರೆ ತರಿಸಿಟ್ಟಿರಬೇಕು. ಬೆಳಗಿನ ರೌಂಡ್ಸ್‌ನಲ್ಲಿ ತೀರಾ ಕಷ್ಟದಲ್ಲಿರುವವರನ್ನು ಮೊದಲು ನೋಡಿ, ಕೂಡಲೇ ಆಮೇಲೆ ಮನೆಗೆ ಹೊರಟವರನ್ನು ನೋಡಬೇಕು. ಬೆಳಗಿನ ಪಾಳಿಯ ಒಬ್ಬ ಸಿಸ್ಟರ್‌ಗೆ ಈ ಕೆಲಸ ಬಿಟ್ಟರೆ ಬೇರೆ ಕೆಲಸ ಇರಬಾರದು. ಸಿಬ್ಬಂದಿಯೇ ಸಾಲದಿರುವಾಗ ಇನ್ನೊಬ್ಬರೆಲ್ಲಿಂದ ಎನ್ನುವವರು ಆ ಆರೇಳು ಹಾಸಿಗೆಯ ಲೆಕ್ಕವನ್ನು ಮತ್ತೆ ನೋಡಬೇಕು.

ಹಬ್ಬ, ಜಾತ್ರೆಯ ಲೆಕ್ಕವೂ ಬೇಕು. ನಂಜನಗೂಡಿನ ದೊಡ್ಡ ಜಾತ್ರೆಯ ದಿನ ಪಂಚಾಂಗದಲ್ಲಿ ಮೊದಲೇ ಗೊತ್ತಿರುತ್ತದೆ. ರಥೋತ್ಸವದ ಹೊತ್ತಿಗೆ ಎಮರ್ಜೆನ್ಸಿಗೆ ಹಾಸಿಗೆ ಬೇಕು, ಅದೇ ಹೊತ್ತಿಗೆ ಹೇಳದೆ ಕೇಳದೆ ಎದ್ದು ಹೋಗುವ ರೋಗಿಗಳೂ ಇರುತ್ತಾರೆ. ಮೂರು ವರ್ಷಕ್ಕೊಮ್ಮೆ ತ್ರಿವೇಣಿ ಸಂಗಮದ ಕುಂಭಮೇಳ ಬಂದಾಗ ನರಸೀಪುರಕ್ಕೂ ಇದೇ ಮಾತು. ಭಾನುವಾರ ಹಿರಿಯ ವೈದ್ಯರ ರೌಂಡ್ಸ್ ಇಲ್ಲದ ಕಡೆ ಹೊರಡಬೇಕಾದವರು ಸೋಮವಾರದವರೆಗೆ ಉಳಿಯುತ್ತಾರೆ. ಸೋಮವಾರ ನಂಜುಂಡೇಶ್ವರನ ದಿನ, ನಂಜನಗೂಡಿನ ಬಸ್ಸುಗಳಲ್ಲಿ ಆರೋಗ್ಯವಂತರಿಗೇ ಜಾಗವಿರುವುದಿಲ್ಲ. ಶನಿವಾರವೇ "ಭಾನುವಾರ ಇವರು ಹೋಗಬಹುದು" ಎಂದು ಷರತ್ತುಗಳ ಸಮೇತ ಬರೆದಿಟ್ಟರೆ ಡ್ಯೂಟಿ ಡಾಕ್ಟರೇ ಕಳಿಸಿಕೊಡಬಹುದು. 2023ರ ಜೂನ್ 11ರಿಂದ ಶಕ್ತಿ ಯೋಜನೆ ಬಂದ ಮೇಲೆ ಡ್ರೆಸ್ಸಿಂಗಿಗೆ, ಮರುತಪಾಸಣೆಗೆ ಬರಲು ಹೆಂಗಸರಿಗೆ ಬಸ್ ಚಾರ್ಜಿನ ಅಡ್ಡಿ ಇಲ್ಲ. ಮರುತಪಾಸಣೆಯ ದಿನವನ್ನು ಆ ಊರಿನ ಬಸ್ಸಿನ ಹೊತ್ತು ಕೇಳಿ ಕೊಡುವುದಷ್ಟೇ ಬಾಕಿ.

ಕೊನೆಗೆ ಆಶಾ ಕಾರ್ಯಕರ್ತೆಯ ವಿಷಯ. ಪಾರ್ಶ್ವವಾಯು ಪೀಡಿತರ, ಮೂಳೆ ಮುರಿದವರ ಮನೆಗೂ ಆಕೆ 3ನೇ, 7ನೇ, 14ನೇ ದಿನ ಹೋಗಲಿ ಎಂದು ಬರೆಯುವುದು ಸುಲಭ. ನವಜಾತ ಶಿಶುವಿನ ಆರೂ ಭೇಟಿ ಮುಗಿಸಿದರೆ ಆಕೆಗೆ ಕೇಂದ್ರದ ಮಾರ್ಗಸೂಚಿಯಂತೆ ಸಿಗುವ ಪ್ರೋತ್ಸಾಹಧನ 250 ರೂಪಾಯಿ. ಗೌರವಧನ ಹೆಚ್ಚಿಸಿ ಎಂದು ಕರ್ನಾಟಕದ ಆಶಾಗಳು ಮತ್ತೆ ಮತ್ತೆ ಬೀದಿಗಿಳಿದಿದ್ದಾರೆ. ಹೊಸ ಭೇಟಿಗಳನ್ನು ಪುಕ್ಕಟೆಯಾಗಿ ಅವರ ಹೆಗಲಿಗೆ ಹಾಕಬಾರದು. ಪ್ರತಿ ಭೇಟಿಗೂ ದರ ನಿಗದಿಯಾಗಿ, ಆ ಹಣ ತಿಂಗಳೊಳಗೆ ಅವರ ಖಾತೆಗೆ ಬರಬೇಕು. ಒಂದು ವರ್ಷದ ಮಟ್ಟಿಗೆ ಈ ಎರಡು ತಾಲ್ಲೂಕುಗಳಲ್ಲಿ, ಮೂಳೆ ಮುರಿತ ಮತ್ತು ಪಾರ್ಶ್ವವಾಯು ಎಂಬ ಎರಡೇ ಕಾಯಿಲೆಗೆ ಇದನ್ನು ನಡೆಸಿ ನೋಡಲು ಜಿಲ್ಲಾ ಆರೋಗ್ಯಾಧಿಕಾರಿಗಳು ಮನಸ್ಸು ಮಾಡಬಹುದು. ಎಷ್ಟು ಜನ ಮೂವತ್ತು ದಿನದೊಳಗೆ ಮತ್ತೆ ದಾಖಲಾದರು, ಎಷ್ಟು ಜನರಿಗೆ ಬೆನ್ನುಹುಣ್ಣು ಬಂತು, ಹೋಗಿ ಎಂದ ಎಷ್ಟು ಗಂಟೆಗೆ ಹಾಸಿಗೆ ಖಾಲಿಯಾಯಿತು ಎಂಬ ಮೂರು ಅಂಕಿಗಳನ್ನು ತಿಂಗಳಿಗೊಮ್ಮೆ ಆಸ್ಪತ್ರೆಯ ಆರೋಗ್ಯ ರಕ್ಷಾ ಸಮಿತಿಯ ಮುಂದೆ ಇಟ್ಟರೆ, ಮುಂದಿನ ವರ್ಷಕ್ಕೆ ಯಾವ ಕಾಯಿಲೆ ಸೇರಿಸಬೇಕೆಂದು ಆ ಸಭೆಯಲ್ಲೇ ತೀರ್ಮಾನಿಸಬಹುದು.